ಅಪ್‌ಡೇಟ್: ಇಎಂಡಿ (ಟೆಂಡರಿಗೆ ಕಟ್ಟೋ ಠೇವಣಿ) ವಿನಾಯಿತಿ ಕೊನೆಗೂ ಸಿಕ್ಕಿತು (ಕುಶಾಲನಗರ)

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದ್ದರೂ ಜೆಮ್‌ನಲ್ಲಿ (ಸರ್ಕಾರಿ ಖರೀದಿಯ ಆನ್‌ಲೈನ್ ತಾಣ) ನಮ್ಮ ಹೊಲಿಗೆ ಘಟಕಕ್ಕೆ ಇಎಂಡಿ ವಿನಾಯಿತಿ ಸಿಗ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಸಿಕ್ಕಿತು! ಸರ್ಟಿಫಿಕೇಟ್‌ನಲ್ಲಿ ‘ಟ್ರೇಡಿಂಗ್’ ಅಂತಿದೆಯಾ ನೋಡಿ ಅಂದವರಿಗೆ ದೊಡ್ಡ ನಮಸ್ಕಾರ. ಹಾಗೇ ಇತ್ತು. ಸೈಬರ್ ಸೆಂಟರಿನ ಹುಡುಗ ಒತ್ತಿದ್ದು, ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ಬರೀ ವ್ಯಾಪಾರಿಗಳಿಗೆ ವಿನಾಯಿತಿ ಇಲ್ಲ. ತಯಾರಿಕೆ ಅಂತ ತಿದ್ದಿದೆ, ಒಂದು ಪೈಸೆ ಖರ್ಚಿಲ್ಲ.

ಏಜೆಂಟ್ ಹಿಡೀರಿ ಅನ್ನೋ ಸಲಹೆ ಮಾತ್ರ ಕೈಕೊಟ್ಟಿತು. ಈ ಮಳೆಯಲ್ಲಿ ಎರಡು ಸಲ ಮಡಿಕೇರಿ ಬಸ್ ಚಾರ್ಜ್ ದಂಡ.

ಗೊತ್ತೇ ಇರದಿದ್ದ ಸಂಗತಿ: ಕೇಂದ್ರದ ಖರೀದಿಯಲ್ಲಿ ಕಿರು, ಸಣ್ಣ ಉದ್ಯಮಗಳಿಗೆ ಶೇ. 25 ಮೀಸಲು, ಅದರೊಳಗೆ ಎಸ್‌ಸಿ-ಎಸ್‌ಟಿಯವರಿಗೆ 4, ಮಹಿಳೆಯರಿಗೆ 3. ದೊಡ್ಡ ಕಂಪನಿ ಎಲ್‌1 (ಎಲ್ಲರಿಗಿಂತ ಕಡಿಮೆ ದರ ಹಾಕಿದವರು) ಆದರೂ, ನಮ್ಮ ದರ ಅದಕ್ಕಿಂತ ಶೇ. 15ರೊಳಗೆ ಹೆಚ್ಚಿದ್ದರೆ ಅವರ ದರಕ್ಕೆ ಇಳಿದು ಪಾಲು ಕೇಳಬಹುದು. ಬಿಡ್ ಹಾಕಿದ್ದೇವೆ, ಸೋಮವಾರ ತೆರೀತಾರೆ.