ಕೀಮೋ ನಡೆದಾಗ ಮಗುವಿಗೆ ಏನು ತಿನ್ನಿಸಬೇಕು? ಗ್ರೂಪಿನಲ್ಲಿ ನಡೆದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ಚಿಕಿತ್ಸೆ ನಡೆದಿರುವ ಮಕ್ಕಳ ಊಟದ ಬಗ್ಗೆ ಕೇಳಲು ಇವತ್ತು ಸಂಜೆ ಕಲಬುರಗಿಯ ಡಯಟೀಷಿಯನ್ ಮೇಡಂ ನಮ್ಮ ಜೊತೆ ಇರುತ್ತಾರೆ. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲೇ ಅವರ ಕೆಲಸ. ಮಗುವಿನ ಹೆಸರು, ರಿಪೋರ್ಟ್ ಫೋಟೋ ಯಾರೂ ಹಾಕಬೇಡಿ. ನಿಮ್ಮ ಊರು ಬರೆದರೆ ಸಾಕು.

ಆಳಂದದ ತಾಯಿ: ಮೇಡಂ, ಮಗನಿಗೆ 6 ವರ್ಷ. ರಕ್ತದ ಕ್ಯಾನ್ಸರ್, ಎ.ಎಲ್.ಎಲ್. ಅಂದಿದ್ದಾರೆ. ಚಿಕಿತ್ಸೆ ಶುರುವಾಗಿ ಮೂರು ವಾರ. ರಾತ್ರಿ 2 ಗಂಟೆಗೆ ಎದ್ದು ಅನ್ನ ಕೇಳುತ್ತಾನೆ. ಕೊಟ್ಟಷ್ಟೂ ಸಾಲುತ್ತಿಲ್ಲ, ಕೊಡದಿದ್ದರೆ ಅಳುತ್ತಾನೆ. ಮುಖ ಊದಿಕೊಂಡಿದೆ. ನನಗೆ ಭಯ ಆಗುತ್ತಿದೆ.

ಡಯಟೀಷಿಯನ್: ಅದು ಸ್ಟಿರಾಯ್ಡ್ ಮಾತ್ರೆಯ ಹಸಿವು ಅಕ್ಕ, ಹುಡುಗನ ಹಟ ಅಲ್ಲ. ಬೈಯಬೇಡಿ. ಮಾತ್ರೆ ಕಡಿಮೆಯಾದ ಮೇಲೆ ಹಸಿವೂ ಇಳಿಯುತ್ತದೆ, ಮುಖದ ಊತವೂ ಇಳಿಯುತ್ತದೆ. ಕೊಡಿ, ಆದರೆ ಏನು ಕೊಡುತ್ತೀರಿ ಅನ್ನೋದು ಮುಖ್ಯ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಪ್ಯಾಕೆಟ್ ಮನೆಯಲ್ಲೇ ಇಡಬೇಡಿ, ಉಪ್ಪು ಜಾಸ್ತಿಯಾದರೆ ನೀರು ತುಂಬಿ ಊತ ಹೆಚ್ಚುತ್ತದೆ, ಬಿಪಿ ಏರುತ್ತದೆ. ಈ ಹೊತ್ತಿನಲ್ಲಿ ಸಕ್ಕರೆ ಮಟ್ಟವೂ ಏರಬಹುದು, ಅದಕ್ಕೇ ಸಿಹಿ ಬಿಸ್ಕತ್ತು, ಬಾಟಲಿ ಜ್ಯೂಸ್ ಬೇಡ. ರಾತ್ರಿಗೆ ಅಂತ ಮೆತ್ತಗಿನ ರೊಟ್ಟಿ ಮುಚ್ಚಿಡಿ, ಅವನು ಎದ್ದಾಗ ತೊಗರಿ ಬೇಳೆ ಹೊಸದಾಗಿ ಬೇಯಿಸಿ ಜೊತೆಗೆ ಕೊಡಿ. ಒಂದು ಮಾತು ನೆನಪಿಡಿ. ಇದೇ ಚಿಕಿತ್ಸೆಯಲ್ಲಿ ಆಸ್ಪರಾಜಿನೇಸ್ ಅನ್ನೋ ಇಂಜೆಕ್ಷನ್ ಇರುತ್ತದೆ. ಅದು ಮೇದೋಜೀರಕ ಗ್ರಂಥಿಗೆ ಪೆಟ್ಟು ಕೊಡಬಹುದು. ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು, ವಾಂತಿ ಬಂದರೆ ಊಟ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ.

ಹುಮನಾಬಾದಿನ ತಂದೆ: ಮೊಸರು ಕೊಡಬಹುದಾ ಮೇಡಂ?

ಡಯಟೀಷಿಯನ್: ಕುದಿಸಿದ ಹಾಲಿನಿಂದ ಮನೆಯಲ್ಲಿ ಹೆಪ್ಪು ಹಾಕಿದ್ದು, ಅದೇ ದಿನದ್ದು ಕೊಡಬಹುದು. ಅಂಗಡಿಯ ಬಿಡಿ ಮೊಸರು, ಎರಡು ದಿನದ ಹುಳಿ ಮಜ್ಜಿಗೆ ಬೇಡ. ಬಿಳಿ ರಕ್ತಕಣ ತುಂಬಾ ಇಳಿದಾಗ, ಅಂದರೆ ರಿಪೋರ್ಟಿನಲ್ಲಿ ಎ.ಎನ್.ಸಿ. 500ಕ್ಕಿಂತ ಕೆಳಗೆ ಇದ್ದಾಗ, ನಿಮ್ಮ ವಾರ್ಡಿನಲ್ಲಿ ಕೇಳಿಯೇ ಕೊಡಿ.

ಶಹಾಬಾದ್ ಕಾಕಾ: ಎಲ್ಲರೂ ಗಮನಿಸಿ. ಪಪ್ಪಾಯಿ ಎಲೆ ರಸ ದಿನಕ್ಕೆ ಎರಡು ಸಲ ಕೊಟ್ಟರೆ ಪ್ಲೇಟ್‌ಲೆಟ್ ಒಂದೇ ದಿನದಲ್ಲಿ ಏರುತ್ತದೆ. ಸಕ್ಕರೆ, ಬೆಲ್ಲ, ಹಾಲು ಬಂದ್ ಮಾಡಿದರೆ ಗಡ್ಡೆ ಉಪವಾಸ ಬಿದ್ದು ಸಾಯುತ್ತದೆ. ನನಗೆ ಬಂದ ಮೆಸೇಜ್, ನಾಲ್ಕು ಜನಕ್ಕೆ ಉಪಯೋಗವಾಗಲಿ.

ಡಯಟೀಷಿಯನ್: ಕಾಕಾ, ನಿಮ್ಮ ಮನಸ್ಸು ಒಳ್ಳೆಯದು, ಆದರೆ ಈ ಮೆಸೇಜ್ ಅಳಿಸಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕೆಲವು ದಿನಕ್ಕೆ ತಾನಾಗೇ ಏರುತ್ತದೆ, ಹೆಸರು ಎಲೆಗೆ ಬರುತ್ತದೆ. ಕೀಮೋದಲ್ಲಿ ಪ್ಲೇಟ್‌ಲೆಟ್ ಇಳಿಯುವುದು ಮೂಳೆಯೊಳಗಿನ ಮಜ್ಜೆ ಕೆಲಸ ನಿಲ್ಲಿಸಿರುವುದಕ್ಕೆ. ಹಸಿ ಎಲೆ ಅರೆದು ಹಿಂಡಿದ ರಸದಲ್ಲಿ ಮಣ್ಣಿನ ಕ್ರಿಮಿ ಇರುತ್ತದೆ. ಸೋಂಕು ತಡೆಯುವ ಶಕ್ತಿಯೇ ಇಲ್ಲದ ಮಗುವಿಗೆ ಅದನ್ನು ಕುಡಿಸುತ್ತೀರಾ? ಇನ್ನು ಸಕ್ಕರೆ ನಿಲ್ಲಿಸಿದರೆ ಗಡ್ಡೆ ಉಪವಾಸ ಬೀಳುವುದಿಲ್ಲ. ಮಗು ಬೀಳುತ್ತದೆ. ಮೈ ತನ್ನ ಸ್ನಾಯುವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ.

ಜೇವರ್ಗಿಯ ತಾಯಿ: ಕೂದಲು ಮತ್ತೆ ಬರಲು ಯಾವ ಎಣ್ಣೆ ಹಚ್ಚಬೇಕು?

ಸೇಡಂ ತಂದೆ: ಮೊಸರು ಕೊಡಬಹುದಾ?

ಡಯಟೀಷಿಯನ್: ಮೇಲೆ ಹುಮನಾಬಾದಿನವರಿಗೆ ಬರೆದಿದ್ದೇನೆ.

ಚಿಂಚೋಳಿಯ ತಾಯಿ: ನಾವು ಮೊಟ್ಟೆ ಮುಟ್ಟುವವರಲ್ಲ ಮೇಡಂ. ವಾರ್ಡಿನಲ್ಲಿ ದಿನಾ ಮೊಟ್ಟೆ ಕೊಡಿ ಅಂತಾರೆ. ಕೊಡದಿದ್ದರೆ ಮಗಳು ಸುಧಾರಿಸುವುದಿಲ್ಲವಾ?

ಭಾಲ್ಕಿ ಅಣ್ಣ: ಮಗುವಿಗಿಂತ ಆಚಾರ ದೊಡ್ಡದಾ ಅಕ್ಕ? ಮೊದಲು ಜೀವ ಉಳಿಯಲಿ.

ಚಿಂಚೋಳಿಯ ತಾಯಿ: ನಿಮ್ಮನ್ನು ಕೇಳಿಲ್ಲ ಅಣ್ಣ, ಮೇಡಂ ಅವರನ್ನು ಕೇಳಿದ್ದು.

ಭಾಲ್ಕಿ ಅಣ್ಣ: ಗ್ರೂಪಿನಲ್ಲಿ ಹಾಕಿದರೆ ಎಲ್ಲರೂ ಹೇಳುತ್ತಾರೆ. ನನ್ನ ಮಗನೂ ಇದೇ ಕಾಯಿಲೆ ದಾಟಿ ಬಂದವನು, ದಿನಾ ಎರಡು ಮೊಟ್ಟೆ ತಿಂದು.

ಸೇಡಂ ತಂದೆ: ನಿಮ್ಮ ಮಗ ಔಷಧಿಯಿಂದ ದಾಟಿದ. ಮೊಟ್ಟೆ ತಿನ್ನದೆ ದಾಟಿದ ಮಕ್ಕಳೂ ಇದ್ದಾರೆ. ತಾಯಿಗೆ ಹಂಗೆ ಮಾತಾಡುವುದು ಸರಿಯಲ್ಲ.

ಭಾಲ್ಕಿ ಅಣ್ಣ: ಸರಿ, ನೀವೇ ಡಾಕ್ಟರ್ ಆಗಿ.

ಡಯಟೀಷಿಯನ್: ಇಲ್ಲಿಗೆ ನಿಲ್ಲಿಸಿ ಇಬ್ಬರೂ. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಅಷ್ಟೇ. ಒಂದು ಹಿಡಿ ಶೇಂಗಾದಲ್ಲಿ, ಅಂದರೆ 30 ಗ್ರಾಂನಲ್ಲಿ, 7 ಗ್ರಾಂ ಇದೆ. ದೊಡ್ಡ ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ನಮ್ಮ ಕಲಬುರಗಿ ತೊಗರಿ ಬೇಳೆ 30 ಗ್ರಾಂ ಬೇಯಿಸಿದರೆ 6 ಗ್ರಾಂ ಮೇಲೆ. ಚಿಂಚೋಳಿ ಅಕ್ಕ, ಬೇಳೆಯನ್ನು ನೀರು ನೀರು ಸಾರು ಮಾಡಬೇಡಿ, ಮಗಳಿಗೆ ಗಟ್ಟಿ ಬೇಳೆ ಬಡಿಸಿ, ಮೇಲೆ ಒಂದು ಚಮಚ ತುಪ್ಪ. ಆ ಒಂದು ಚಮಚದಲ್ಲೇ 45 ಕ್ಯಾಲೊರಿ ಇದೆ, ಹೊಟ್ಟೆ ತುಂಬಿಸದೆ ಶಕ್ತಿ ಕೊಡುತ್ತದೆ. ಶೇಂಗಾ ಹುರಿದೇ ಪುಡಿ ಮಾಡಿ. ಮುಗ್ಗಲು ವಾಸನೆ ಬಂದ ಕಾಳು, ಬೂಸ್ಟು ಹಿಡಿದ ಕಾಳು ಎಸೆದುಬಿಡಿ, ಆ ಬೂಸ್ಟು ಲಿವರ್‌ಗೆ ವಿಷ. ಮೊಟ್ಟೆ ತಿನ್ನುವವರು ಹಳದಿ ಗಟ್ಟಿಯಾಗುವ ತನಕ ಬೇಯಿಸಿ. ಅರ್ಧ ಬೆಂದದ್ದು ಬೇಡ.

ಚಿಂಚೋಳಿಯ ತಾಯಿ: ತುಂಬಾ ಸಮಾಧಾನ ಆಯ್ತು ಮೇಡಂ.

ಬೀದರ್ ತಾಯಿ: ಮಗನಿಗೆ 13. ಚಿಕಿತ್ಸೆ ನಡೆದಿದೆ. ರಂಜಾನ್ ಬಂದರೆ ರೋಜಾ ಇಡುತ್ತೇನೆ ಅಂತ ಈಗಲೇ ಹಟ ಹಿಡಿದಿದ್ದಾನೆ.

ಡಯಟೀಷಿಯನ್: ಬೇಡ. ಕೀಮೋ ಔಷಧಿ ಮೂತ್ರದಲ್ಲಿ ಹೊರಗೆ ಹೋಗಬೇಕಾದರೆ ಹಗಲೆಲ್ಲ ನೀರು ಬೇಕು. ಕಾಯಿಲೆ ಇದ್ದವರಿಗೆ ಧರ್ಮದಲ್ಲೇ ವಿನಾಯಿತಿ ಇದೆ. ನಿಮ್ಮ ಮಸೀದಿಯ ಹಿರಿಯರ ಬಾಯಿಂದ ಅವನಿಗೆ ಹೇಳಿಸಿ. ಸಂಜೆ ಇಫ್ತಾರ್‌ಗೆ ಎಲ್ಲರ ಜೊತೆ ಕೂರಿಸಿ, ಮನಸ್ಸಿಗೆ ಹಿತ ಆಗುತ್ತದೆ.

ಸುರಪುರದ ತಾಯಿ: ಮೇಡಂ, ಮಗಳಿಗೆ 4 ವರ್ಷ. ಕಿಡ್ನಿಯಲ್ಲಿ ಗಡ್ಡೆ. ಆಪರೇಷನ್ ಮೊದಲು ಕೀಮೋ ಅಂತ ಶುರು ಮಾಡಿದ್ದಾರೆ, ಎರಡು ಆಗಿದೆ. ತೂಕ 13 ಕೆ.ಜಿ., ಇಳಿದಿಲ್ಲ, ಅದಕ್ಕೇ ಅಷ್ಟು ಚಿಂತೆ ಮಾಡಿಲ್ಲ. ಆದರೆ ನಮ್ಮ ಆಯಿ ಕೂಸಿನ ಬಳೆ ಮೊಣಕೈ ತನಕ ಜಾರುತ್ತಿದೆ ಅಂತ ಅಳುತ್ತಾರೆ. ಮೇಲಿನ ಮೆಸೇಜ್ ನಮಗೂ ಬಂದಿತ್ತು, ಹಾಲು ಸಕ್ಕರೆ ಬಿಡಿಸಿದ್ದೇವೆ. ಗಂಜಿ ನೀರು ಕೊಡುತ್ತಿದ್ದೇವೆ, ಪಪ್ಪಾಯಿ ಎಲೆ ರಸ ಕೊಟ್ಟಿದ್ದೇವೆ. ಹೊಟ್ಟೆ ಗಟ್ಟಿ ಇದೆ ಅಂತ ಊರಲ್ಲಿ ಒಬ್ಬರ ಕಡೆ ಎಣ್ಣೆ ಹಚ್ಚಿ ತಿಕ್ಕಿಸುತ್ತಿದ್ದೇವೆ.

ಡಯಟೀಷಿಯನ್: ಅಕ್ಕ, ಮೊದಲು ಹೊಟ್ಟೆ ತಿಕ್ಕಿಸುವುದು ಈಗಿಂದೀಗ ನಿಲ್ಲಿಸಿ. ಯಾರೂ ಒತ್ತಬಾರದು. ಕಿಡ್ನಿ ಗಡ್ಡೆ ಒತ್ತಿದರೆ ಒಳಗೇ ಒಡೆಯಬಹುದು, ಒಡೆದರೆ ಕಾಯಿಲೆ ಹೊಟ್ಟೆಯೆಲ್ಲ ಹರಡುತ್ತದೆ. ಅವಳನ್ನು ಎತ್ತಿಕೊಳ್ಳುವಾಗಲೂ ಹೊಟ್ಟೆಗೆ ಕೈ ಹಾಕಿ ಎತ್ತಬೇಡಿ.

ತೂಕ ಇಳಿದಿಲ್ಲ ಅನ್ನೋದನ್ನು ನಂಬಬೇಡಿ. ತಕ್ಕಡಿ ಗಡ್ಡೆಯನ್ನೂ ಸೇರಿಸಿ ತೂಗುತ್ತದೆ. ಬಳೆ ಜಾರುತ್ತಿದೆ ಅಂತ ಆಯಿ ಹೇಳಿದ್ದೇ ಸರಿಯಾದ ಅಳತೆ. ಈಗ ಒಂದು ಕೆಲಸ ಮಾಡಿ. ಎಡಗೈ ತೋಳು, ಹೆಗಲ ಮೂಳೆಯ ತುದಿಗೂ ಮೊಣಕೈಗೂ ಸರಿಯಾಗಿ ನಡುವೆ, ಒಂದು ದಾರ ಸುತ್ತಿ. ಬಿಗಿ ಎಳೆಯಬೇಡಿ, ಚರ್ಮಕ್ಕೆ ತಾಗಿದರೆ ಸಾಕು. ದಾರ ಸೇರಿದ ಕಡೆ ಉಗುರಿನಿಂದ ಹಿಡಿದು, ಬಿಚ್ಚಿ, ಶಾಲೆ ಮಕ್ಕಳ ಅಳತೆ ಪಟ್ಟಿ ಮೇಲೆ ಇಟ್ಟು ನೋಡಿ. ಎಷ್ಟು ಸೆಂಟಿಮೀಟರ್ ಬಂತು ಬರೆಯಿರಿ. ಗಂಜಿ ನೀರು ಬಿಟ್ಟು ಬೇರೆ ಏನೂ ಹೋಗದೆ ಎಷ್ಟು ದಿನ ಆಯ್ತು? ಮೈ ಬಿಸಿ ಇದೆಯಾ?

ಶಹಾಬಾದ್ ಕಾಕಾ: ಮೇಡಂ, ಇಂಗ್ಲಿಷ್ ಔಷಧಿಯವರು ಮನೆಮದ್ದು ಒಪ್ಪುವುದೇ ಇಲ್ಲ. ಲಕ್ಷ್ಮಣ ಫಲ, ಏಪ್ರಿಕಾಟ್ ಬೀಜದ ಬಗ್ಗೆಯೂ ಒಂದು ವಿಡಿಯೋ ಇದೆ, ಹಾಕಲಾ?

ಡಯಟೀಷಿಯನ್: ಹಾಕಬೇಡಿ. ಏಪ್ರಿಕಾಟ್ ಬೀಜದಿಂದ ಹೊಟ್ಟೆಯಲ್ಲಿ ಸೈನೈಡ್ ಆಗುತ್ತದೆ. ಸುರಪುರದ ಅಕ್ಕ ಬರೆದದ್ದು ಓದಿದಿರಾ? ಮಗುವಿನ ಬಾಯಿಂದ ಹಾಲು ತಪ್ಪಿಸಿದ್ದು ಇಂಥದೇ ಮೆಸೇಜ್.

ಶಹಾಬಾದ್ ಕಾಕಾ: ನಾನು ಕೆಟ್ಟದ್ದಕ್ಕೆ ಹಾಕಿಲ್ಲ. ನನ್ನ ಮೊಮ್ಮಗನಿಗಾಗಿ ಹುಡುಕಿದ್ದು.

ಅಡ್ಮಿನ್: ಕಾಕಾ, ಮೆಸೇಜ್ ತೆಗೆದಿದ್ದೇನೆ. ದಯವಿಟ್ಟು ಮತ್ತೆ ಹಾಕಬೇಡಿ.

ಅಫಜಲಪುರದ ತಂದೆ: ಮಗನಿಗೆ ನಾಲ್ಕು ದಿನದಿಂದ ಮಲ ಆಗಿಲ್ಲ. ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಡಿ ಅಂತ ಅವ್ವ ಹೇಳುತ್ತಾಳೆ.

ಡಯಟೀಷಿಯನ್: ಗುದದ್ವಾರಕ್ಕೆ ಏನೂ ಇಡಬೇಡಿ. ತೊಟ್ಟು, ಸೋಪು, ಎನಿಮಾ ಯಾವುದೂ ಬೇಡ. ಸಣ್ಣ ಗಾಯ ಆದರೂ ಸೋಂಕು ರಕ್ತಕ್ಕೆ ಹೋಗುತ್ತದೆ. ವಿನ್‌ಕ್ರಿಸ್ಟೀನ್ ಇಂಜೆಕ್ಷನ್ ಕರುಳನ್ನು ನಿಧಾನ ಮಾಡುತ್ತದೆ. ನಾಲ್ಕು ದಿನ ಜಾಸ್ತಿ ಆಯ್ತು, ನಾಳೆ ಮುಂಜಾನೆ ವಾರ್ಡಿಗೆ ಫೋನ್ ಮಾಡಿ ಕುಡಿಯುವ ಔಷಧಿ ಕೇಳಿ. ಹೊಟ್ಟೆ ಉಬ್ಬರಿಸಿದ್ದರೆ, ವಾಂತಿ ಇದ್ದರೆ ಇವತ್ತೇ. ಕುದಿಸಿ ಆರಿಸಿದ ನೀರು, ಮನೆಯಲ್ಲೇ ತೊಳೆದು ಸಿಪ್ಪೆ ತೆಗೆದ ಹಣ್ಣು ಕೊಡಿ. ಚಕ್ಕೋತ ಮಾತ್ರ ಬೇಡ, ಅದು ವಿನ್‌ಕ್ರಿಸ್ಟೀನ್ ಔಷಧಿಯನ್ನು ಮೈಯಲ್ಲಿ ಜಾಸ್ತಿ ಹೊತ್ತು ಉಳಿಸಬಹುದು.

ಯಾದಗಿರಿ ತಂದೆ: ಪ್ರೋಟೀನ್ ಪುಡಿ ಯಾವ ಕಂಪನಿದು ಒಳ್ಳೆಯದು?

ಔರಾದ್ ತಂದೆ: ರಕ್ತ ಕಡಿಮೆ ಅಂದಿದ್ದಾರೆ, ಬೀಟ್‌ರೂಟ್ ಜ್ಯೂಸ್ ಮತ್ತು ಐರನ್ ಟಾನಿಕ್ ಕೊಡಲಾ?

ಡಯಟೀಷಿಯನ್: ಬೀಟ್‌ರೂಟ್ ಬೇಯಿಸಿ ಪಲ್ಯ ಮಾಡಿ, ಹಸಿ ರಸ ಬೇಡ. ಟಾನಿಕ್ ನೀವಾಗೇ ಕೊಡಬೇಡಿ. ಪದೇ ಪದೇ ರಕ್ತ ಹಾಕಿಸಿಕೊಂಡ ಮಕ್ಕಳ ಮೈಯಲ್ಲಿ ಕಬ್ಬಿಣ ಮೊದಲೇ ಜಾಸ್ತಿ ಇರುತ್ತದೆ.

ಶಹಾಪುರದ ತಾಯಿ: ಮೊಸರು ಕೊಡಬಹುದಾ ಮೇಡಂ?

ಡಯಟೀಷಿಯನ್: ಮೇಲೆ ನೋಡಿ.

ಶಹಾಪುರದ ತಾಯಿ: ಓದಲು ಬರುವುದಿಲ್ಲ ಮೇಡಂ, ಪಕ್ಕದ ಮನೆ ಹುಡುಗ ಬರೆದುಕೊಡುತ್ತಿದ್ದಾನೆ. ಸಿಟ್ಟಾಗಬೇಡಿ.

ಡಯಟೀಷಿಯನ್: ತಪ್ಪಾಯ್ತು ಅಕ್ಕ. ಮನೆಯಲ್ಲಿ ಕುದಿಸಿದ ಹಾಲಿನ ಅವತ್ತಿನ ಮೊಸರು ಕೊಡಿ. ಬಿಳಿ ಕಣ ಕಡಿಮೆ ಅಂತ ಆಸ್ಪತ್ರೆಯಲ್ಲಿ ಹೇಳಿದ ದಿನಗಳಲ್ಲಿ ಅವರನ್ನು ಕೇಳಿ ಕೊಡಿ. ನಮ್ಮ ಬೇಸಿಗೆಯಲ್ಲಿ ಅನ್ನ, ಹಾಲು, ಬೇಳೆ ಒಂದು ತಾಸಿನ ಮೇಲೆ ಹೊರಗಿದ್ದರೆ ಮಗುವಿಗೆ ಕೊಡಬೇಡಿ. ಆ ಹುಡುಗನಿಗೆ ಹೇಳಿ, ನಿಮಗೆ ಇದನ್ನು ಎರಡು ಸಲ ಓದಿ ಹೇಳಲಿ.

ಜೇವರ್ಗಿಯ ತಾಯಿ: ಕೂದಲಿನ ಬಗ್ಗೆ ಕೇಳಿದ್ದೆ.

ಸುರಪುರದ ತಾಯಿ: ಮೇಡಂ, ದಾರ ಅಳೆದೆವು. 11ಕ್ಕೆ ಬರುತ್ತಿದೆ. ಎರಡು ಸಲ ನೋಡಿದೆವು. ಆರು ದಿನದಿಂದ ಗಂಜಿ ನೀರೇ. ಬಾಯಲ್ಲಿ ಹುಣ್ಣು ಇದೆ. ಜ್ವರ 99 ಇದೆ.

ಡಯಟೀಷಿಯನ್: ಅಕ್ಕ, ಓದಿ, ಮನೆಯವರಿಗೂ ಓದಿಸಿ. 5 ವರ್ಷದ ಒಳಗಿನ ಮಗುವಿನ ತೋಳು 11.5ಕ್ಕಿಂತ ಕೆಳಗೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಗನವಾಡಿ ಟೇಪಿನಲ್ಲಿ ಅದು ಕೆಂಪು ಬಣ್ಣ. ಹೀಗಿರುವಾಗ ಮುಂದಿನ ಕೀಮೋ ತಾಳಿಕೊಳ್ಳಲು ಅವಳಿಗೆ ಆಗುವುದಿಲ್ಲ, ಆಪರೇಷನ್ ಗಾಯವೂ ಮಾಯುವುದಿಲ್ಲ.

ಈಗ ನೀವು ಗಾಬರಿಯಿಂದ ಒಂದೇ ಸಲ ಹಾಲು, ತುಪ್ಪ, ಅನ್ನ ಅಂತ ತುಂಬಬೇಡಿ. ಇಷ್ಟು ದಿನ ಹಸಿದ ಮೈಗೆ ಒಮ್ಮೆಲೇ ಊಟ ಬಿದ್ದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಜರ್ರನೆ ಇಳಿಯುತ್ತದೆ, ಹೃದಯದ ಬಡಿತಕ್ಕೇ ತೊಂದರೆ ಆಗುತ್ತದೆ. ಅದಕ್ಕೇ ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಕೀಮೋ ಕೊಟ್ಟ ವಾರ್ಡಿಗೆ ಈಗಲೇ ಫೋನ್ ಮಾಡಿ. ತೋಳು 11, ಆರು ದಿನದಿಂದ ಊಟ ಇಲ್ಲ, ಬಾಯಿ ಹುಣ್ಣು ಇದೆ ಅಂತ ಇದೇ ಮಾತಲ್ಲಿ ಹೇಳಿ. ಅವರು ಬಾ ಅಂದರೆ ರಾತ್ರಿಯೇ ಹೊರಡಿ. ಏನೂ ಹೇಳದಿದ್ದರೂ ಬೆಳಗಿನ ಮೊದಲ ಬಸ್ಸು ಬಿಡಬೇಡಿ. ಜ್ವರ 100.4 ಮುಟ್ಟಿದರೆ ಬೆಳಗಿನ ತನಕ ಕಾಯಬೇಡಿ, ಮಾತ್ರೆ ಕೊಟ್ಟು ನೋಡೋಣ ಅನ್ನಬೇಡಿ, ಹೊರಡಿ. ಅಲ್ಲಿ ಮೂಗಿನಿಂದ ಸಣ್ಣ ನಳಿಕೆ ಹಾಕೋಣ ಅಂದರೆ ಹೆದರಬೇಡಿ. ಬಾಯಿ ಹುಣ್ಣಿನಿಂದ ನುಂಗಲು ಆಗದ ಮಗುವಿಗೆ ಅದೇ ಊಟದ ದಾರಿ. ಬಾಯಿ ವಾಸಿಯಾದ ಮೇಲೆ ತೆಗೆಯುತ್ತಾರೆ. ಎಲೆ ರಸ ಕೊಟ್ಟಿದ್ದನ್ನೂ ಹೊಟ್ಟೆ ತಿಕ್ಕಿಸಿದ್ದನ್ನೂ ಡಾಕ್ಟರಿಗೆ ಮುಚ್ಚಿಡಬೇಡಿ.

ಸುರಪುರದ ತಾಯಿ: ಫೋನ್ ಮಾಡಿದೆವು. ಬರಲು ಹೇಳಿದರು. ಗಾಡಿ ಕೇಳುತ್ತಿದ್ದೇವೆ.

ಭಾಲ್ಕಿ ಅಣ್ಣ: ಅಕ್ಕ, ಬಾಡಿಗೆಗೆ ದುಡ್ಡು ಬೇಕಾದರೆ ಅಡ್ಮಿನ್‌ಗೆ ಹೇಳಿ. ನಾನು ಹಾಕುತ್ತೇನೆ.

ಸೇಡಂ ತಂದೆ: ನಾನೂ.

ಯಾದಗಿರಿ ತಂದೆ: ಪ್ರೋಟೀನ್ ಪುಡಿ ಬಗ್ಗೆ ಯಾರೂ ಹೇಳಲಿಲ್ಲ. ಮೇಡಂ ಬೇಕಾದವರಿಗೆ ಮಾತ್ರ ಉತ್ತರ ಕೊಡುತ್ತಾರಾ?

ಚಿಂಚೋಳಿಯ ತಾಯಿ: ಮೇಲೆ ಏನು ನಡೆದಿದೆ ನೋಡಿ ಅಣ್ಣ. ಪುಡಿ ನಾಳೆಯೂ ಕೇಳಬಹುದು ಅಲ್ವಾ?

ಅಡ್ಮಿನ್: ಇವತ್ತಿಗೆ ಗ್ರೂಪ್ ಮುಚ್ಚುತ್ತಿದ್ದೇನೆ. ನಾಳೆ ಸಂಜೆ ತೆರೆಯುತ್ತೇನೆ.

(ಮರುದಿನ ಸಂಜೆ)

ಸುರಪುರದ ತಾಯಿ: ಮೇಡಂ, ರಾತ್ರಿಯೇ ಅಡ್ಮಿಟ್ ಮಾಡಿಕೊಂಡರು. ಮೂಗಿನ ನಳಿಕೆ ಹಾಕಿದ್ದಾರೆ, ಸಿರಿಂಜಿನಲ್ಲಿ 20 ಎಂ.ಎಲ್. ಹಾಲಿನ ಮಿಶ್ರಣ ಬಿಡುತ್ತಾರೆ, ತಾಸಿಗೊಮ್ಮೆ. ಪೊಟ್ಯಾಸಿಯಂ ಕಡಿಮೆ ಇತ್ತಂತೆ. ಈಗ ಆಯಿಯ ತಟ್ಟೆ ನೋಡಿ ಬೇಳೆ ಕಟ್ಟು ಬೇಕು ಅಂತ ಕೈ ಚಾಚುತ್ತಿದ್ದಾಳೆ. ಕೊಡಲಾ?

ಡಯಟೀಷಿಯನ್: ಅಲ್ಲಿನ ಡಯಟೀಷಿಯನ್‌ಗೆ ಹೇಳಿ, ಅವರು ಹೂಂ ಅಂದರೆ ಎರಡು ಚಮಚ. ಖಾರ, ಹುಳಿ ಬೇಡ, ಹುಣ್ಣು ಉರಿಯುತ್ತದೆ. ಆರಿಸಿ ಕೊಡಿ. ಎಷ್ಟು ಚಮಚ ಕುಡಿದಳು ಅಂತ ಬರೆದಿಡಿ, ಅವರ ಲೆಕ್ಕಕ್ಕೆ ಬೇಕು.