ಪದ ಬೇಕು: ಮಣ್ಣು, ನೀರಿಗೆ ಪೆಟ್ರೋಲ್ ಸೇರಿದೆಯೇ ಎಂಬ ಪರೀಕ್ಷೆಗೆ

ಎಲ್ಲರಿಗೂ ನಮಸ್ಕಾರ.

ನಮ್ಮ ಲ್ಯಾಬಿನ ಬೋರ್ಡ್ ಬರೆಯುವವರು ನಾಳೆ ಬೆಳಗ್ಗೆ ಕುಂಬಳೆಯಿಂದ ಬರುತ್ತಾರೆ. ಮಲಯಾಳ, ಇಂಗ್ಲಿಷ್ ಸಾಲುಗಳು ಸಿದ್ಧ. ಕನ್ನಡದ್ದು ಮಾತ್ರ ಖಾಲಿ. ಈ ಪರೀಕ್ಷೆಗೂ, ಅದು ಬೇಗ ಆಗುತ್ತದೆ ಎನ್ನುವುದಕ್ಕೂ ಕನ್ನಡದಲ್ಲಿ ಏನು ಬರೆಸಲಿ ಎಂದು ನಿನ್ನೆ ಇಲ್ಲಿ ಕೇಳಿದ್ದೆ. ಬಂದ ಉತ್ತರಗಳಿಗೆ ಒಟ್ಟಿಗೇ ಬರೆಯುತ್ತಿದ್ದೇನೆ.

'ಮಣ್ಣೆಣ್ಣೆ ಪರೀಕ್ಷೆ' ಬೇಡವೇ ಬೇಡ. ಮಲಯಾಳದಲ್ಲಿ ಮಣ್ಣೆಣ್ಣ ಎಂದರೆ ಸೀಮೆಎಣ್ಣೆ, ನಾವು ಮನೆಯಲ್ಲಿ ಚಿಮಿಣಿ ಎಣ್ಣೆ ಅನ್ನುವುದು. ಕಾಸರಗೋಡಿನವರು ಹಾಗೆಯೇ ಓದುತ್ತಾರೆ.

ಎಣ್ಣೆ ಎಂದರೆ ಎಳ್+ನೆಯ್, ಎಳ್ಳಿನದು ಮಾತ್ರ, 'ತೈಲ' ಎನ್ನಿ ಎಂದವರಿಗೆ: ತೈಲ ಬಂದದ್ದೂ ತಿಲದಿಂದ. ಅದೂ ಎಳ್ಳೇ. ತೆಂಗಿನೆಣ್ಣೆಯಲ್ಲಿ ಎಳ್ಳು ಎಲ್ಲಿದೆ? ಪೆಟ್ರೋಲಿಯಂ ಪದದ ಮೂಲ ಕಲ್ಲು ಮತ್ತು ಎಣ್ಣೆ. ಹಾಗೆಂದು 'ಕಲ್ಲೆಣ್ಣೆ' ಬರೆದರೆ ಯಾರಿಗೆ ತಿಳಿಯುತ್ತದೆ? ಪೆಟ್ರೋಲ್, ಡೀಸೆಲ್ ಎಲ್ಲರ ಬಾಯಲ್ಲೂ ಇವೆ. ಅವು ಈಗ ಕನ್ನಡವೇ ಅಲ್ವಾ? ಎರವಲು ಎಂದು ಸುಮ್ನೆ ತಳ್ಳಬೇಡಿ.

'ಕಲಬೆರಕೆ'ಯೂ ಸರಿಯಲ್ಲ. ಅದನ್ನು ಯಾರೋ ಬೇಕಂತಲೇ ಮಾಡುವುದು. ಇಲ್ಲಿ ಗ್ಯಾರೇಜಿನ ಹಿಂದೆ ಚೆಲ್ಲಿದ ಡೀಸೆಲ್ ಮುರಕಲ್ಲಿನ ತೂತುಗಳಲ್ಲಿ ಇಳಿದು ಬಾವಿ ಸೇರುತ್ತದೆ. ಕಳೆದ ಮಳೆಗಾಲ ನಮ್ಮ ನೆರೆಮನೆಯಲ್ಲಿ ಹಾಗೇ ಆಯಿತು. ಕೊಡಪಾನದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ. ಕಬ್ಬಿಣದ ಅಂಶದ ಪೊರೆಯಾದರೆ ಕಡ್ಡಿ ಆಡಿಸಿದಾಗ ಚೂರುಚೂರಾಗುತ್ತದೆ. ಇದು ಮತ್ತೆ ಮತ್ತೆ ಕೂಡಿಕೊಳ್ಳುತ್ತಿತ್ತು. "ನೀರಲ್ಲಿ ಡೀಸೆಲ್ ಪಸೆ ಉಂಟು" ಅಂದರು ಆ ಮನೆಯ ಅಜ್ಜಿ. ಪಸೆ! ಮಣ್ಣಿಗೂ ನೀರಿಗೂ ಹೊಂದುವ ಪದ. ಬೋರ್ಡಿಗೆ ಅದೇ ಇರಲಿ: 'ಮಣ್ಣು, ನೀರಿನಲ್ಲಿ ಪೆಟ್ರೋಲ್-ಡೀಸೆಲ್ ಪಸೆಯ ಪರೀಕ್ಷೆ'.

ಸಿಕ್ಕಿಕೊಂಡಿರುವುದು ಪರೀಕ್ಷೆ ಬೇಗ ಆಗುತ್ತದೆ ಎಂದು ಹೇಳುವ ಪದ. 'ಕ್ಷಿಪ್ರ' ನಾಲಿಗೆಗೆ ತೊಡಕು. 'ದಿಢೀರ್' ಎಂದರೆ ನಿಂತಲ್ಲೇ ವರದಿ ಕೇಳುತ್ತಾರೆ. ನಿಜವಾಗಿ ಬೇಗ ಆಗುವುದು ಮಣ್ಣಿನಿಂದ ಎಣ್ಣೆ ಬಿಡಿಸುವ ಕೆಲಸ. ದ್ರಾವಕವನ್ನು (ಎಣ್ಣೆ ಕರಗಿಸುವ ದ್ರವ) ಮತ್ತೆ ಮತ್ತೆ ಹಾಯಿಸುವ ಹಳೆಯ ಸಾಕ್ಸ್‌ಲೆಟ್ ವಿಧಾನದಲ್ಲಿ ಅದಕ್ಕೇ 16ರಿಂದ 24 ಗಂಟೆ ಬೇಕು. ಸ್ವಲ್ಪ ಮಣ್ಣನ್ನು ಹೆಕ್ಸೇನ್‌ನಂಥ ದ್ರಾವಕದಲ್ಲಿ ಹಾಕಿ ಅಲ್ಟ್ರಾಸೌಂಡ್ ಕೊಟ್ಟರೆ ನಿಮಿಷಗಳಲ್ಲಿ ಮುಗಿಯುತ್ತದೆ. ಆಮೇಲೆ ಗ್ಯಾಸ್ ಕ್ರೊಮಟೊಗ್ರಾಫ್ ಎಂಬ, ಬೆರೆತ ಅಂಶಗಳನ್ನು ಬೇರ್ಪಡಿಸುವ ಯಂತ್ರದಲ್ಲಿ ಅಳೆಯುವುದು. ಎಣ್ಣೆ ಬಿಡಿಸುವುದಕ್ಕೆ 'ಹಿಂಡುವಿಕೆ' ಎಂದು ಸೂಚಿಸಿದವರೇ, ಇಲ್ಲಿ ಏನನ್ನೂ ಹಿಂಡುವುದಿಲ್ಲ. ಕರಗಿಸಿ ತೆಗೆಯುತ್ತಾರೆ.

'ಬೇಗ ವರದಿ' ಎಂದಷ್ಟೇ ಬರೆದರೆ ಸಾಕೇ? ರಾತ್ರಿಯೊಳಗೆ ತಿಳಿಸಿ. ಜಾಸ್ತಿ ಉದ್ದದ ಪದ ಬೇಡ. ಕೆಳಗೆ 'ನೀರನ್ನು ಗಾಜಿನ ಬಾಟಲಿಯಲ್ಲಿ ಬಾಯಿಮಟ್ಟ ತುಂಬಿ ತನ್ನಿ' ಎಂದು ಬರೆಸಬೇಕು. ಪ್ಲಾಸ್ಟಿಕ್ ಎಣ್ಣೆ ಹೀರುತ್ತದೆ, ಬಾಟಲಿಯಲ್ಲಿ ಗಾಳಿ ಉಳಿದರೆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಆ ಸಾಲಿಗೆ ಜಾಗ ಉಳಿಯಲೇಬೇಕು.