ಕಡಲ ಅಲೆಯಿಂದ ಕರೆಂಟ್: ವಿಳಿಂಜಂ ಘಟಕ ಯಾಕೆ ನಿಂತಿತು?

ಕಡಲತಡಿ:
ನಮ್ಮ ಮನೆ ಉಳ್ಳಾಲದ ಹತ್ತಿರ. ಮಳೆಗಾಲದಲ್ಲಿ ರಾತ್ರಿಯಿಡೀ ಅಲೆ ಕಲ್ಲಿಗೆ ಬಡಿಯುವ ಸದ್ದು. ಇಷ್ಟೊಂದು ಶಕ್ತಿ ಸುಮ್ನೆ ಹೋಗ್ತಿದೆಯಲ್ಲ ಅನಿಸುತ್ತದೆ. ಕೇರಳದ ವಿಳಿಂಜಂನಲ್ಲಿ ಅಲೆಯಿಂದಲೇ ಕರೆಂಟ್ ತೆಗೆಯುತ್ತಿದ್ದರಂತೆ. ಅದು ಹೇಗೆ, ಮತ್ತೆ ಯಾಕೆ ನಿಂತಿತು?

ಉಪ್ಪುಗಾಳಿ:
1991ರಲ್ಲಿ ಶುರುವಾದದ್ದು, ಮದ್ರಾಸ್ ಐಐಟಿಯವರ ಕೆಲಸ. 150 ಕಿಲೋವ್ಯಾಟ್. ಮೀನುಗಾರಿಕೆ ಬಂದರಿನ ತಡೆಗೋಡೆ ಹತ್ತಿರ ಕಾಂಕ್ರೀಟಿನ ದೊಡ್ಡ ಪೆಟ್ಟಿಗೆ ಕೂರಿಸಿದ್ದರು, ನೀರಿನೊಳಗೆ ಅದರ ಬಾಯಿ ತೆರೆದಿತ್ತು. ಅಲೆ ನುಗ್ಗಿದಾಗ ಒಳಗಿನ ನೀರು ಏರಿ ಮೇಲಿನ ಗಾಳಿಯನ್ನು ಕೊಳವೆಯಿಂದ ಆಚೆ ತಳ್ಳುತ್ತದೆ, ಇಳಿದಾಗ ಗಾಳಿ ವಾಪಸ್ ಒಳಗೆ ಬರುತ್ತದೆ. ಆ ಗಾಳಿಯೇ ಟರ್ಬೈನ್ ತಿರುಗಿಸುವುದು. ಅದರಲ್ಲಿದ್ದ ವೆಲ್ಸ್ ಟರ್ಬೈನ್ ಗಾಳಿ ಹೋದರೂ ಬಂದರೂ ಒಂದೇ ದಿಕ್ಕಿಗೆ ತಿರುಗುತ್ತದೆ. ಎಂಥ ಚೆಂದದ ಉಪಾಯ ಅಲ್ವಾ!

ದೋಣಿಮನೆ:
ಕಷ್ಟ ಇರುವುದು ನಮ್ಮ ಕಡಲಿನ ಸ್ವಭಾವದಲ್ಲಿ. ಅಲೆಯ ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಬ್ಬರ, ಡಿಸೆಂಬರ್ ಹೊತ್ತಿಗೆ ಕೆರೆಯಂತೆ ತಣ್ಣಗೆ. ಹಾಗಾಗಿ ಮಳೆಗಾಲದ ಹೊಡೆತ ತಡೆಯುವಷ್ಟು ಗಟ್ಟಿಯಾಗಿ, ಜಾಸ್ತಿ ದುಡ್ಡು ಸುರಿದು ಕಟ್ಟಬೇಕು, ಆದರೆ ವರ್ಷದ ಉಳಿದ ಎಂಟು ತಿಂಗಳು ಅದರಿಂದ ಸಿಗುವುದು ಸ್ವಲ್ಪವೇ. ಆಮೇಲೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಅದೇ ಕರೆಂಟಿನಿಂದ ಕಡಲ ನೀರನ್ನು ಸಿಹಿನೀರು ಮಾಡಿ ನೋಡಿದರು, ದಿನಕ್ಕೆ 10,000 ಲೀಟರ್ ಲೆಕ್ಕದಲ್ಲಿ. ನನಗೆ ಇದೇ ಸರಿ ಅನಿಸುತ್ತದೆ. ಕರೆಂಟ್ ಕೂಡಿಡುವುದು ಕಷ್ಟ, ನೀರಾದರೆ ಟ್ಯಾಂಕಿನಲ್ಲಿ ಇರುತ್ತದೆ. 2011ರಲ್ಲಿ ಆ ಘಟಕವನ್ನು ಮುಚ್ಚಿದರು.

ಉಪ್ಪುಗಾಳಿ:
ಅದೇ 2011ರಲ್ಲಿ ಸ್ಪೇನಿನ ಮುತ್ರಿಕು ಊರಿನಲ್ಲಿ ಇದೇ ಬಗೆಯದು ಶುರುವಾಯಿತು. 16 ಟರ್ಬೈನ್, ಒಟ್ಟು 296 ಕಿಲೋವ್ಯಾಟ್. ಬಂದರಿಗೆ ಹೇಗೂ ಬೇಕಿದ್ದ ತಡೆಗೋಡೆಯೊಳಗೇ ಕೋಣೆಗಳನ್ನು ಕಟ್ಟಿದರು. ಗೋಡೆಯ ಖರ್ಚು ಬೇರೆ ಲೆಕ್ಕಕ್ಕೆ ಹೋಯಿತು ನೋಡಿ.

ಕಡಲತಡಿ:
ಹಾಗಾದರೆ ನಮ್ಮಲ್ಲೂ ಕಡಲ್ಕೊರೆತ ತಡೆಯಲು ಕಲ್ಲು ಸುರಿಯುವಾಗ ಹಾಗೆ ಮಾಡಬಹುದಲ್ವಾ?

ದೋಣಿಮನೆ:
ಉಳ್ಳಾಲದಲ್ಲಿ ಕಷ್ಟ. ವಿಳಿಂಜಂನಲ್ಲಿ ದಡದ ಹತ್ತಿರವೇ ಆಳ ಇದೆ, ಅಲೆ ಶಕ್ತಿ ಕಳೆದುಕೊಳ್ಳದೆ ಬರುತ್ತದೆ. ನಿಮ್ಮಲ್ಲಿ ಮರಳಿನ ತಳ, ಆಳ ಕಡಿಮೆ. ದಡ ಮುಟ್ಟುವ ಮೊದಲೇ ಅಲೆ ಒಡೆದು ಬಹಳಷ್ಟು ಬಲ ಕಳೆದುಕೊಂಡಿರುತ್ತದೆ. ಬಂದರಿನ ಗೋಡೆಯ ತುದಿಯಲ್ಲಿ, ನೀರು ಆಳ ಇರುವ ಕಡೆ ಯೋಚಿಸಬಹುದು.

ಕಡಲತಡಿ:
ಆ ನೀರಿನ ವಿಷಯ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಏಪ್ರಿಲ್ ಬಂದರೆ ನಮ್ಮ ಬಾವಿ ನೀರು ಉಪ್ಪಾಗುತ್ತದೆ, 10,000 ಲೀಟರ್ ಅಂದರೆ ನಮ್ಮ ಓಣಿಗೆ ಧಾರಾಳ ಸಾಕು. ಆದರೆ ಆ ಹೊತ್ತಿಗೆ ಅಲೆಯೂ ಸಣ್ಣದಾಗಿರುತ್ತದಲ್ಲ, ಆಗ ಎಷ್ಟು ನೀರು ಸಿಕ್ಕೀತು?